ಬ್ಯಾಷ್ ಸ್ಕ್ರಿಪ್ಟಲ್ಲಿ ಪೈಪ್ ಹಾಕಿ ವೇರಿಯೇಬಲ್ ಸೆಟ್ ಮಾಡೋರು ದಯವಿಟ್ಟು ಇದನ್ನ ಓದಿ

ಗೋಣಿಕೊಪ್ಪದಲ್ಲಿ ನಮ್ದೊಂದು ಸಣ್ಣ ಕಾಫಿ ಖರೀದಿ ಅಂಗಡಿ. ರೊಬಸ್ಟಾ ಕುಯ್ಲು ಜೋರಾಗಿರೋ ಟೈಮಲ್ಲೇ ಮೂರು ವಾರದ ತೂಕದ ಲೆಕ್ಕ ಪೂರ್ತಿ ಹೋಯ್ತು. ವೈರಸ್ ಅಲ್ಲ, ಡಿಸ್ಕ್ ಕೆಟ್ಟಿದ್ದೂ ಅಲ್ಲ, ನಾನೇ ಬರೆದ ಬ್ಯಾಷ್ ಸ್ಕ್ರಿಪ್ಟು, ಅಂದ್ರೆ ಕಮಾಂಡುಗಳನ್ನ ಸಾಲಾಗಿ ಓಡಿಸೋ ಫೈಲು.

ದಿನಾ ಸಂಜೆ ಟೆಂಪರರಿ ಫೋಲ್ಡರ್ ಖಾಲಿ ಮಾಡೋ ಸ್ಕ್ರಿಪ್ಟ್ ಅದು. ಫೋಲ್ಡರ್ ದಾರಿಗಳೆಲ್ಲ ಒಂದು ಸೆಟ್ಟಿಂಗ್ಸ್ ಫೈಲಲ್ಲಿದ್ವು, ಗ್ರೆಪ್ (ಸಾಲು ಹುಡುಕಿ ಸೋಸೋ ಕಮಾಂಡ್) ಹಾಕಿ ಕಾಮೆಂಟ್ ಸಾಲು ತೆಗೆದು, ಪೈಪಲ್ಲಿ (ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಕೊಡೋದು) ಒಂದೊಂದೇ ಸಾಲು ಓದೋ ವೈಲ್ ರೀಡ್ ಲೂಪಿಗೆ ಕೊಟ್ಟು, ಒಳಗೆ ಒಂದೊಂದು ದಾರಿಯನ್ನೂ ವೇರಿಯೇಬಲಲ್ಲಿಟ್ಟು ಎಕ್ಸ್‌ಪೋರ್ಟ್ ಮಾಡ್ತಿದ್ದೆ. ಲೂಪ್ ಒಳಗೇ ಎಕೋ (ಸ್ಕ್ರೀನಿಗೆ ಬರೆಯೋ ಕಮಾಂಡ್) ಹಾಕಿ ನೋಡಿದಾಗ ಎಲ್ಲಾ ಸರಿಯಾಗೇ ಬಂತು, ಅಲ್ಲೇ ನಾನು ಮೋಸ ಹೋಗಿದ್ದು. ಬ್ಯಾಷಲ್ಲಿ ಪೈಪ್ ಆದ್ಮೇಲೆ ಬರೋ ಲೂಪ್ ಮಾಮೂಲಿಯಾಗಿ ಬ್ಯಾಷಿನ ಬೇರೆಯದೇ ಪ್ರತಿ, ಅಂದ್ರೆ ಸಬ್‌ಶೆಲ್‌ನಲ್ಲಿ ಓಡುತ್ತೆ, ಲೂಪ್ ಮುಗಿದ ತಕ್ಷಣ ಅಲ್ಲಿ ಸೆಟ್ ಮಾಡಿದ್ದೆಲ್ಲ ಅದರ ಜೊತೆಗೇ ಹೋಗುತ್ತೆ, ಎಕ್ಸ್‌ಪೋರ್ಟ್ ಮಾಡಿದ್ರೂ ಅಷ್ಟೇ, ಯಾಕಂದ್ರೆ ಎಕ್ಸ್‌ಪೋರ್ಟ್ ಮಕ್ಕಳಿಗೆ (ಅಲ್ಲಿಂದ ಶುರುವಾಗೋ ಪ್ರೋಗ್ರಾಮುಗಳಿಗೆ) ಕೊಡೋದು, ಅಪ್ಪಂಗೆ (ಮೂಲ ಸ್ಕ್ರಿಪ್ಟಿಗೆ) ವಾಪಸ್ ಕೊಡಲ್ಲ.

ಸ್ಕ್ರಿಪ್ಟಿನ ಕೆಳಗಿನ ಸಾಲಲ್ಲಿ ಫೋಲ್ಡರ್ ಸಮೇತ ಅಳಿಸೋ ಕಮಾಂಡ್ ಆರ್‌ಎಂ ಇತ್ತು, ವೇರಿಯೇಬಲ್, ಸ್ಲ್ಯಾಶ್, ಸ್ಟಾರ್. ವೇರಿಯೇಬಲ್ ಖಾಲಿ ಆದ್ರೆ ಉಳಿಯೋದು ಬರೀ ಸ್ಲ್ಯಾಶ್ ಸ್ಟಾರ್, ಅಂದ್ರೆ ಸಿಸ್ಟಮ್ಮಿನ ಎಲ್ಲಾ ಫೋಲ್ಡರು! ಬರೀ ಸ್ಲ್ಯಾಶ್ ಕೊಟ್ರೆ ಆರ್‌ಎಂ ತಡೆಯುತ್ತೆ, ಸ್ಟಾರ್ ಸೇರಿದ್ರೆ ತಡೆಯಲ್ಲ. ಸ್ಕ್ರೀನ್ ಮೇಲೆ ಬಿನ್, ಬೂಟ್ ಅಂತ ಪರ್ಮಿಷನ್ ಡಿನೈಡ್ ಸಾಲುಗಳು ಓಡ್ತಾ ಇದ್ವು, ಹೋಮ್ ಬಂದಾಗ ಸುಮ್ಮನಾಯ್ತು. ಅಳಿಸೋಕೆ ಆಗ್ತಿದ್ರೆ ಅದು ಏನೂ ಹೇಳಲ್ಲ. ನಾನು ಕಂಟ್ರೋಲ್ ಸಿ ಒತ್ತೋ ಹೊತ್ತಿಗೆ ಮೀಡಿಯಾ ಫೋಲ್ಡರಿಗೂ ಹೋಗಿ, ಚುಚ್ಚಿಟ್ಟಿದ್ದ ಬ್ಯಾಕಪ್ ಡಿಸ್ಕನ್ನೂ ಖಾಲಿ ಮಾಡಿತ್ತು. ಹಳೇದು ಮನೆಯ ಪೆನ್‌ಡ್ರೈವಲ್ಲಿತ್ತು, ಅಷ್ಟೇ ಪುಣ್ಯ.

ಬಿಲ್ ಬುಕ್ಕಿನ ಕಾರ್ಬನ್ ಕಾಪಿ ನೋಡ್ಕೊಂಡು ಈಗ್ಲೂ ಟೈಪ್ ಮಾಡ್ತಿದೀನಿ, ಮಸುಕಾದ ಕಡೆ ಬೆಳೆಗಾರರ ಮನೆಗೇ ಹೋಗ್ಬೇಕು. ಒಬ್ಬರು ಹಿರಿಯರು ಚೀಟಿ ಕಟ್ಟು ಬಿಚ್ಚಿ "ನನ್ನತ್ರ ಎಲ್ಲಾ ಉಂಟು ಮಾರಾಯ, ನಿಧಾನ ಬರ್ಕೋ" ಅಂದಾಗ ಕಣ್ಣಲ್ಲಿ ನೀರು ಬಂತು.

ಪೈಪ್ ಬಿಟ್ಟು ಲೂಪ್ ಕೊನೇಲಿ ಡನ್ ಅನ್ನೋ ಪದ ಆದ್ಮೇಲೆ < ಚಿಹ್ನೆ ಹಾಕಿ ಫೈಲನ್ನ ರೀಡೈರೆಕ್ಟ್ ಮಾಡಿ, ಆಗ ವೇರಿಯೇಬಲ್ ಉಳಿಯುತ್ತೆ, ಕಾಮೆಂಟ್ ಸಾಲನ್ನ ಲೂಪ್ ಒಳಗೇ ಸ್ಕಿಪ್ ಮಾಡಿ. ವೇರಿಯೇಬಲ್ ಹೆಸರು ಫೈಲಿಂದ ಬರುತ್ತೆ ಅಂತ ಇವಾಲ್ (ಬರಹವನ್ನೇ ಕಮಾಂಡಾಗಿ ಓಡಿಸೋದು) ಮಾತ್ರ ಬೇಡ, ವ್ಯಾಲ್ಯೂನಲ್ಲಿ (ವೇರಿಯೇಬಲಲ್ಲಿ ಇಡೋದು) ಒಂದು ಸೆಮಿಕೋಲನ್ ಇದ್ರೆ ಅದರ ಮುಂದಿನದನ್ನ ಕಮಾಂಡ್ ಅಂತಲೇ ಓಡಿಸುತ್ತೆ. ಹೆಸರು, ಈಕ್ವಲ್ ಟು, ವ್ಯಾಲ್ಯೂ ಮೂರನ್ನೂ ಒಂದೇ ಡಬಲ್ ಕೋಟ್ಸ್ ಒಳಗೆ ಹಾಕಿ ಎಕ್ಸ್‌ಪೋರ್ಟ್‌ಗೆ ಕೊಟ್ರೆ ಸಾಕು. ಸೆಟ್ ಆಗದ ವೇರಿಯೇಬಲ್ ಬಳಸಿದ್ರೆ ನಿಲ್ಲಿಸೋ ಸೆಟ್ ಮೈನಸ್ ಯು ಒಂದನ್ನೇ ನಂಬ್ಬೇಡಿ, ಸೆಟ್ ಆಗಿದ್ದು ಖಾಲಿ ಇದ್ರೆ ಅದು ಹಿಡಿಯಲ್ಲ, ಆರ್‌ಎಂ ಸಾಲಲ್ಲಿ ಕರ್ಲಿ ಬ್ರಾಕೆಟ್ ಒಳಗೆ ಹೆಸರಿನ ಪಕ್ಕ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಹಾಕಿ, ಖಾಲಿ ಇದ್ರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ. ಮೊದಲನೇ ಸಲ ಓಡಿಸುವಾಗ ಆರ್‌ಎಂ ಮುಂದೆ ಎಕೋ ಇಟ್ಟು, ಬ್ಯಾಕಪ್ ಡಿಸ್ಕ್ ಕಿತ್ತಿಟ್ಟು ಓಡ್ಸಿ.