ಭಾವನ 115200, ನನ್ನ 44000

ಪೆರ್ಲದ ಮನೆಯ ಅಟ್ಟ ಗುಡಿಸುವಾಗ, ಫೋನ್ ತಂತಿಯಲ್ಲಿ ಇಂಟರ್ನೆಟ್ ತರುತ್ತಿದ್ದ ಹಳೆಯ ಮೋಡೆಮ್ ಸಿಕ್ಕಿತು. ಜೊತೆಗೆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್, ಮತ್ತೆ ಭಾವನ ಸುಟ್ಟುಹೋದ ಮೋಡೆಮ್ ಕಾರ್ಡ್. ಅದು ನಮ್ಮ ಅಟ್ಟಕ್ಕೆ ಯಾಕೆ ಬಂತೋ ಗೊತ್ತಿಲ್ಲ. ಮಗಳು ನೋಡಿ, "ಅಪ್ಪ, ಎರಡರ ಮೇಲೂ 56ಕೆ ಅಂತ ಉಂಟಲ್ಲ, ಏನದು?" ಎಂದಳು. ಸೆಕೆಂಡಿಗೆ ಹೆಚ್ಚೆಂದರೆ 56000 ಬಿಟ್ ಎಂದು ಹೇಳುವಾಗ 2002ರ ನನ್ನ-ಭಾವನ ಜಗಳ ಪೂರ್ತಿ ನೆನಪಾಯಿತು.

ನನ್ನದು ಹೊರಗೆ ಇಡುವ ಮೋಡೆಮ್. ಎದುರಿಗೆ ಸಾಲಾಗಿ ಕೆಂಪು ದೀಪಗಳು, ಹಿಂದೆ ಕಂಪ್ಯೂಟರಿನ ಕಾಮ್-1 ಎಂಬ ಸೀರಿಯಲ್ ಪೋರ್ಟಿಗೆ ಹೋಗುವ ಕೇಬಲ್. ತೋಟದಾಚೆ ಭಾವನ ಮನೆಯಲ್ಲಿ ಕಂಪ್ಯೂಟರಿನ ಒಳಗೇ ಕೂರಿಸುವ ಪಿಸಿಐ ಕಾರ್ಡ್. ನಾನು ಕೊಟ್ಟ ದುಡ್ಡಿಗೆ ಅಂಥದ್ದು ನಾಲ್ಕು ಬರುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜ್ ಇಬ್ಬರಿಗೂ ಒಂದೇ. ಅಡಿಕೆ ಮರಗಳ ನಡುವೆ ಜೋತುಕೊಂಡು ಬರುವ ತಂತಿಯೂ ಒಂದೇ ಥರದ್ದು.

ಒಂದು ಸಂಜೆ ಭಾವನ ಫೋನ್. (ಇಂಟರ್ನೆಟ್ ಕಡಿದ ಮೇಲೆಯೇ ಮಾಡಿರಬೇಕು. ಇದ್ದದ್ದು ಒಂದೇ ಲೈನ್ ಅಲ್ವಾ?)

"ನಿಮ್ಮದರಲ್ಲಿ ಸ್ಪೀಡ್ ಎಷ್ಟು ಬರ್ತದೆ ಭಾವ?"

"ನಲವತ್ತನಾಲ್ಕು ಸಾವಿರ."

"ಅಷ್ಟೇಯಾ? ನನ್ನದರಲ್ಲಿ ಒಂದು ಲಕ್ಷದ ಹದಿನೈದು ಸಾವಿರ ಉಂಟು!"

ಹೊಟ್ಟೆ ಉರಿಯಿತು. ಮರುದಿನ ಇಬ್ಬರೂ ಒಂದೇ ಫೈಲು ಇಳಿಸಿ ನೋಡಿದೆವು. ಸುಮಾರು ಒಂದು ಎಂಬಿಯ ಫೋಟೊ. ನನ್ನಲ್ಲಿ ಮೂರೂವರೆ ನಿಮಿಷ, ಅವರಲ್ಲಿ ನಾಲ್ಕು. ಲಕ್ಷದ ಲೆಕ್ಕ ಎಲ್ಲಿಗೆ ಹೋಯಿತು?

ವಿಷಯ ಇಷ್ಟು. ದಾರಿಯಲ್ಲಿ ಎರಡು ತುಂಡು ಉಂಟು. ಕಂಪ್ಯೂಟರಿನಿಂದ ಮೋಡೆಮ್‌ವರೆಗೆ ಒಂದು, ಮೋಡೆಮ್‌ನಿಂದ ಫೋನ್ ತಂತಿಯಲ್ಲಿ ಆಚೆಗೆ ಇನ್ನೊಂದು. ಪುಸ್ತಕದ ಭಾಷೆಯಲ್ಲಿ ಕಂಪ್ಯೂಟರ್ ಡಿಟಿಇ, ಮೋಡೆಮ್ ಡಿಸಿಇ. ಮೊದಲ ತುಂಡಿನ ವೇಗಕ್ಕೆ ಡಿಟಿಇ ಸ್ಪೀಡ್ ಎನ್ನುತ್ತಾರೆ. ಅದನ್ನು ನಾವೇ ಸೆಟ್ ಮಾಡುವುದು. ಎರಡನೆಯದನ್ನು ಎರಡೂ ಕಡೆಯ ಮೋಡೆಮ್‌ಗಳು ಕಿರಿಕಿರಿ ಸದ್ದು ಮಾಡುತ್ತಾ ತಾವೇ ಮಾತಾಡಿ ಒಪ್ಪಿಕೊಳ್ಳುತ್ತವೆ. ಭಾವನ ಕಾರ್ಡ್ ತೋರಿಸುತ್ತಿದ್ದದ್ದು ಮೊದಲನೆಯದು, ನನ್ನದು ಎರಡನೆಯದು. ಅದರಲ್ಲೂ ಒಳಗಿನ ಕಾರ್ಡಿಗೆ ಕೇಬಲ್ಲೇ ಇಲ್ಲ. ತಾನೊಂದು ಕಾಮ್ ಪೋರ್ಟ್ ಎಂದು ಅದು ಸುಮ್ನೆ ನಟಿಸುತ್ತದೆ. ಅವರ ಮೋಡೆಮ್ ಸೆಟ್ಟಿಂಗ್ಸಿನಲ್ಲಿ ಫೋನ್ ತಂತಿಯ ವೇಗವನ್ನೇ ತೋರಿಸು ಎನ್ನುವ ಎಟಿಡಬ್ಲ್ಯೂ2 ಎಂಬ ಆಜ್ಞೆ ಸೇರಿಸಿದ ಮೇಲೆ ನಿಜ ಹೊರಬಂತು: 41333. ಭಾವ ಎರಡು ದಿನ ಫೋನ್ ಮಾಡಲಿಲ್ಲ.

ಹಾಗಂತ ಆ 115200 ಬರೀ ಜಂಬ ಅಲ್ಲ. ನಾನು ಅತಿ ಬುದ್ಧಿವಂತಿಕೆ ಮಾಡಿ, ತಂತಿಯಲ್ಲಿ ಬರುವುದೇ ಅಷ್ಟು, ಕೇಬಲ್ಲಿಗೆ ಯಾಕೆ ಜಾಸ್ತಿ ಎಂದು ಪೋರ್ಟನ್ನು 19200ಕ್ಕೆ ಇಳಿಸಿದ್ದೆ. ಎಲ್ಲವೂ ಆಮೆಯಾಯಿತು. ಕೇಬಲ್ಲಿನಲ್ಲಿ ಸಾಮಾನ್ಯವಾಗಿ 8ಎನ್1 ಪದ್ಧತಿ. ಎಂಟು ಬಿಟ್ ಮಾಹಿತಿ, ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಇಲ್ಲ, ಒಂದು ಸ್ಟಾಪ್ ಬಿಟ್. ಮುಂದೆ ಒಂದು ಸ್ಟಾರ್ಟ್ ಬಿಟ್ ಹೇಗೂ ಇರುತ್ತದೆ. ಎಂಟು ಬಿಟ್ಟಿನ ಒಂದು ಬೈಟಿಗೆ ಒಟ್ಟು ಹತ್ತು. ಅಂದರೆ 19200ರಲ್ಲಿ ಸೆಕೆಂಡಿಗೆ 1920 ಬೈಟ್ ಮಾತ್ರ. ಫೋನ್ ತಂತಿ ಅದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ತರುತ್ತಿತ್ತು. ಸಾಲದ್ದಕ್ಕೆ ವಿ.42ಬಿಸ್ ಎಂಬ ಕಂಪ್ರೆಷನ್ ಬೇರೆ. ಬರೀ ಅಕ್ಷರಗಳಿರುವ ಫೈಲಾದರೆ ಅದು ನಾಲ್ಕು ಪಟ್ಟಿನವರೆಗೂ ಹಿಂಡುತ್ತದೆ. ಹಿಂಡಿದ್ದನ್ನು ಮೋಡೆಮ್ ಬಿಡಿಸಿ ಕೊಡುವಾಗ ಕೇಬಲ್ ಅಗಲ ಇರಬೇಕಲ್ಲ? ಫೋಟೊಗೆ ಮಾತ್ರ ಇದರಿಂದ ಲಾಭ ಇಲ್ಲ, ಜೆಪೆಗ್ ಮೊದಲೇ ಹಿಂಡಿದ ಮಾಲು.

ಇನ್ನೊಂದು ಗೊಂದಲ ಬಾಡ್, ಅಂದರೆ ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಲೆಕ್ಕ. ಅಂಗಡಿಯವರು "56ಕೆ ಬಾಡ್" ಎಂದೇ ಮಾರುತ್ತಿದ್ದರು. ಅಂಗಳದಿಂದ ಅಡಿಕೆ ಒಳಗೆ ಹಾಕುವಾಗ ನಿಮಿಷಕ್ಕೆ ಎಷ್ಟು ಸಲ ಬುಟ್ಟಿ ಹೊತ್ತಿರಿ ಎನ್ನುವುದು ಬಾಡ್, ಎಷ್ಟು ಅಡಿಕೆ ಒಳಗೆ ಹೋಯಿತು ಎನ್ನುವುದು ಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಬಿಟ್. ಸೀರಿಯಲ್ ಕೇಬಲ್ಲಿನಲ್ಲಿ ಬುಟ್ಟಿಗೆ ಒಂದೇ ಅಡಿಕೆ, ಹಾಗಾಗಿ ಎರಡೂ ಒಂದೇ. ಫೋನ್ ತಂತಿಯಲ್ಲಿ ಹಾಗಲ್ಲ. 56ಕೆಗಿಂತ ಹಿಂದಿನ ವಿ.34 ಪದ್ಧತಿಯ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 3429 ಬುಟ್ಟಿ ಹೊರುತ್ತದೆ, ಆದರೂ 33600 ಬಿಟ್ ದಾಟಿಸುತ್ತದೆ.

ಆ 33600 ನಮಗೆ ಇನ್ನೊಮ್ಮೆ ಎದುರಾಯಿತು. ನಡುವೆ ಇಂಟರ್ನೆಟ್ ಯಾಕೆ, ನೇರ ಮನೆಯಿಂದ ಮನೆಗೆ ಫೈಲು ಕಳಿಸೋಣ ಎಂದು ಹೈಪರ್‌ಟರ್ಮಿನಲ್ ಎಂಬ ಪ್ರೋಗ್ರಾಂ ತೆರೆದು ಭಾವನ ನಂಬರಿಗೆ ಡಯಲ್ ಮಾಡಿದೆ. ಎರಡೂ 56ಕೆ ಮೋಡೆಮ್. ಬಂದದ್ದು 31200! ಕಾರಣ ಆಮೇಲೆ ತಿಳಿಯಿತು. 1998ರ ವಿ.90 ಎಂಬ ಪದ್ಧತಿಯಲ್ಲಿ 56ಕೆ ಬರಬೇಕಾದರೆ ಒಂದು ತುದಿ ಡಿಜಿಟಲ್ ಆಗಿಯೇ ಟೆಲಿಫೋನ್ ಜಾಲಕ್ಕೆ ಸೇರಿರಬೇಕು. ಇಂಟರ್ನೆಟ್ ಕೊಡುವವರ ತುದಿ ಹಾಗಿರುತ್ತಿತ್ತು, ಭಾವನ ಚಾವಡಿ ಹಾಗಿರಲಿಲ್ಲ, ಹಾಗಾಗಿ ವಿ.34ರ 33600ರ ಒಳಗೇ. ಇಂಟರ್ನೆಟ್ಟಿನಲ್ಲೂ ನಮ್ಮಿಂದ ಆಚೆ ಹೋಗುವ ದಿಕ್ಕಿಗೆ 33600ಕ್ಕಿಂತ ಹೆಚ್ಚಿರಲಿಲ್ಲ. ಫೋಟೊ ಇಳಿಸಲು ಹಿಡಿದದ್ದಕ್ಕಿಂತ ಕಳಿಸಲು ಜಾಸ್ತಿ ಹೊತ್ತು ಯಾಕೆ ಎಂಬ ನನ್ನ ಹಳೆಯ ಸಂಶಯ ಅಲ್ಲಿಗೆ ಮುಗಿಯಿತು.

ಭಾವನಿಗೆ ಕಳಿಸಿದ ಫೈಲು ಮಾತ್ರ ಅರ್ಧಕ್ಕೆ ನಿಂತಿತು. ಮೂರು ಸಲ, ಅದೇ ಜಾಗದಲ್ಲಿ. ಕಂಪ್ಯೂಟರ್, ಮೋಡೆಮ್ ಒಂದಕ್ಕೊಂದು ನಿಲ್ಲು, ಬಾ ಎನ್ನುವ ಫ್ಲೋ ಕಂಟ್ರೋಲಿಗೆ ನಾನು ಎಕ್ಸ್‌ಆನ್/ಎಕ್ಸ್‌ಆಫ್ ಹಾಕಿದ್ದೆ. ಅದರಲ್ಲಿ 19 ಎಂಬ ಬೈಟ್ ಬಂದರೆ "ನಿಲ್ಲು" ಎಂದರ್ಥ. ಫೋಟೊ ಒಳಗೆ 19 ಬರದೇ ಇರುತ್ತದಾ? ಫೈಲು ಕಳಿಸಲು ಬಳಸಿದ ಎಕ್ಸ್‌ಮೋಡೆಮ್ ಪದ್ಧತಿ ಅದನ್ನು ಮರೆಮಾಚದೆ ಹಾಗೇ ಕಳಿಸುತ್ತದೆ. ಆರ್‌ಟಿಎಸ್/ಸಿಟಿಎಸ್‌ಗೆ ಬದಲಿಸಿದೆ. ಅದರಲ್ಲಿ "ನಿಲ್ಲು", "ಬಾ" ಹೇಳಲು ಬೇರೆಯೇ ಪಿನ್ನುಗಳಿವೆ. ಫೈಲು ಹೋಯಿತು.

ಸರಿ, ಯಾವುದು ಮೇಲು? ಒಳ್ಳೆ ಬಿಸಿಲಿನ ದಿನ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಅಗ್ಗದ ಕಾರ್ಡೇ ಸಾಕು. ಆದರೆ ಪೆರ್ಲದಲ್ಲಿ ಬಿಸಿಲು ಎಷ್ಟು ತಿಂಗಳು? ಮಳೆ ಹಿಡಿದರೆ ತಂತಿಯ ಜಾಯಿಂಟ್ ಒದ್ದೆಯಾಗಿ ಕರಕರ ಶುರು. ಆಗ ನನ್ನ ಮೋಡೆಮ್ 26400ಕ್ಕೆ ಇಳಿದಾದರೂ ಕಚ್ಚಿಕೊಂಡಿರುತ್ತಿತ್ತು. ಭಾವನ ಕಾರ್ಡ್ ಕಡಿದುಹೋಗುತ್ತಿತ್ತು. ಅದು ವಿನ್‌ಮೋಡೆಮ್. ಸದ್ದನ್ನು ಬಿಟ್ ಮಾಡುವ ಕೆಲಸ ಕಾರ್ಡಿನದ್ದಲ್ಲ, ಕಂಪ್ಯೂಟರಿನ ಪ್ರೊಸೆಸರಿನದ್ದು. ಇಂಟರ್ನೆಟ್ಟಿನಲ್ಲಿದ್ದಾಗ ಪ್ರಿಂಟ್ ಕೊಟ್ಟರೂ ಲೈನ್ ಹೋಗುತ್ತಿತ್ತು. ವಿಂಡೋಸ್ ಬದಲು ಲಿನಕ್ಸ್ ಹಾಕಿದ ದಿನ ಆ ಕಾರ್ಡ್ ಇದೆಯೆಂದೇ ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ನನ್ನದಕ್ಕೆ ಎಟಿ ಎಂಬ ಆಜ್ಞೆ ಟೈಪ್ ಮಾಡಿದರೆ ಯಾವ ಕಂಪ್ಯೂಟರಿನಿಂದಲಾದರೂ ಓಕೆ ಎನ್ನುತ್ತಿತ್ತು. ಮತ್ತೆ ಆ ದೀಪಗಳು! ಆರ್‌ಡಿ ಮಿಣುಕಿದರೆ ಬರುತ್ತಾ ಇದೆ, ಸಿಡಿ ಆರಿದರೆ ಲೈನ್ ಹೋಗಿದೆ. ಭಾವ ಪರದೆ ನೋಡುತ್ತಾ ಕಾಯಬೇಕಿತ್ತು.

ತುಲಾ ತಿಂಗಳ ಗುಡುಗಿನಲ್ಲಿ ಕೊನೆಯ ತೀರ್ಪು ಬಂತು. ಫೋನ್ ತಂತಿಯಲ್ಲಿ ಬಂದ ಸಿಡಿಲಿಗೆ ಭಾವನ ಕಾರ್ಡಿನ ಜೊತೆ ಮದರ್‌ಬೋರ್ಡೂ ಹೋಯಿತು. ಮುಂದಿನ ವರ್ಷ ನನ್ನದೂ ಸತ್ತಿತು, ಆದರೆ ಸತ್ತದ್ದು ಅದೊಂದೇ.

ಭಾವ ಆಮೇಲೆ ತಂತಿಯಿಲ್ಲದ ಸಿಡಿಎಂಎ ಡಬ್ಲ್ಯೂಎಲ್‌ಎಲ್ ಫೋನ್ ತಂದು ಡಾಟಾ ಕೇಬಲ್ ಜೋಡಿಸಿದರು. ಡಯಲ್ ಮಾಡುವ ನಂಬರ್ #777. ಮತ್ತೆ ಫೋನ್ ಬಂತು: "ಭಾವ, ಇದರಲ್ಲೂ 115200!" ಅದೂ ಕೇಬಲ್ಲಿನ ಲೆಕ್ಕವೇ, ಆದರೆ ಈ ಸಲ ನಗಲಿಕ್ಕೆ ಆಗಲಿಲ್ಲ. ಅದೇ ಫೋಟೊ ಅವರಲ್ಲಿ ಎರಡು ನಿಮಿಷದಲ್ಲಿ ಇಳಿಯಿತು. ಸಿಗ್ನಲ್ ಮಾತ್ರ ಉಪ್ಪರಿಗೆಯ ಪಡುವಣ ಕಿಟಕಿಯಲ್ಲಷ್ಟೇ ಸಿಗುತ್ತಿತ್ತು, ಕೇಬಲ್ ನೋಡಿದರೆ ಮೊಳದುದ್ದ. ಭಾವ ಕಂಪ್ಯೂಟರನ್ನೇ ಉಪ್ಪರಿಗೆಗೆ ಹೊತ್ತರು.