ಕೋಟ-1988: ಒಂದೇ ಫೈಲು, ಮೂರು ಉಗ್ರಾಣ

ಮಾವನ ಅಟ್ಟದಲ್ಲಿ ಎಂಬತ್ತು ಕ್ಯಾಸೆಟ್ ಇದ್ದವು. ಎಲ್ಲಾ ತಾಳಮದ್ದಳೆ. ಊರೂರು ತಿರುಗಿ, ಭಾಗವತರ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಅವರೇ ರೆಕಾರ್ಡ್ ಮಾಡಿದ್ದು. ಮೇಲೆ ನೀಲಿ ಶಾಯಿಯಲ್ಲಿ ಊರು, ಇಸವಿ. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದ ವೇವ್ ಫೈಲ್ (ಕುಗ್ಗಿಸದ ಧ್ವನಿ) ಮಾಡಿದರೆ ಸುಮಾರು 950 ಎಂಬಿ. ಎಂಬತ್ತಕ್ಕೆ 76 ಜಿಬಿ. ಎಲ್ಲಿಡೋದು?

ಪೈಥಾನ್ ಭಾಷೆಯಲ್ಲಿ ಕೋಡ್ ಬರೆದೇ ಅನ್ನ ತಿನ್ನುವವನು ನಾನು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಅಮೆಜಾನ್ ಎಸ್3, ಇವು ಮೂರೂ ಇಂಟರ್ನೆಟ್ಟಿನ ಉಗ್ರಾಣಗಳು. ಮೂರಕ್ಕೂ ಒಂದೊಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದು, ಅವೇ ಕೆಲವು ಫೈಲುಗಳನ್ನು ಮೂರೂ ಕಡೆ ಹಾಕಿ ನೋಡಿದೆ.

ಜಾಗದ ಲೆಕ್ಕ ಬೇಗ ಮುಗಿಯುತ್ತದೆ. ಡ್ರೈವ್ 15 ಜಿಬಿ ಪುಕ್ಕಟೆ ಕೊಡುತ್ತದೆ, ಆದರೆ ಜಿಮೇಲ್ ಮತ್ತು ಫೋಟೋಸ್ ಕೂಡ ಅದರಲ್ಲೇ ಪಾಲು ಕೇಳುತ್ತವೆ. ಡ್ರಾಪ್‌ಬಾಕ್ಸ್ ಪುಕ್ಕಟೆ ಕೊಡೋದು 2 ಜಿಬಿ, ಅಂದರೆ ನನ್ನ ಎರಡು ಕ್ಯಾಸೆಟ್. ಎಸ್3ರಲ್ಲಿ ಇಟ್ಟಷ್ಟಕ್ಕೆ ಬಾಡಿಗೆ. ಮುಂಬೈ ರೀಜನ್‌ನಲ್ಲಿ 76 ಜಿಬಿಗೆ ತಿಂಗಳಿಗೆ 2 ಡಾಲರ್ ಆಸುಪಾಸು.

ನಿಜವಾದ ವ್ಯತ್ಯಾಸ ಇರೋದು ಬೇರೆ ಕಡೆ. 'ಫೈಲು' ಅಂದರೆ ಏನು ಅನ್ನೋದರಲ್ಲೇ ಈ ಮೂವರಿಗೆ ಒಮ್ಮತವಿಲ್ಲ.

ಡ್ರೈವ್‌ಗೆ ಫೈಲು ಅಂದರೆ ಒಂದು ಐಡಿ. ಹೆಸರು ಅದರ ಮೇಲೆ ಅಂಟಿಸಿದ ಚೀಟಿ, ಅಷ್ಟೇ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಇದ್ದರೂ ಅದಕ್ಕೆ ಬೇಜಾರಿಲ್ಲ. ನಾನು ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದೆ, 'ಕೋಟ-1988' ಎರಡಾಯಿತು. ತಪ್ಪು ನನ್ನದೇ. ಹಾಕುವ ಮೊದಲು ಇದೆಯಾ ಅಂತ ಕೇಳಬೇಕಿತ್ತು. ಅದಕ್ಕಿಂತ ಚೆನ್ನಾದ ದಾರಿಯೂ ಇದೆ. ಡ್ರೈವ್ ಎಪಿಐ (ಪ್ರೋಗ್ರಾಂಗಳು ಮಾತಾಡುವ ಬಾಗಿಲು) ಹತ್ತಿರ ಮೊದಲೇ ಒಂದಷ್ಟು ಐಡಿ ಕೇಳಿ ಪಡೆದುಕೊಂಡು, ಆ ಐಡಿ ಹಾಕಿಯೇ ಅಪ್‌ಲೋಡ್ ಮಾಡಬಹುದು. ಎರಡನೇ ಸಲ ಹೋದರೆ 'ಇದು ಆಗಲೇ ಇದೆ' ಅಂತ 409 ಎರರ್ ಬರುತ್ತದೆ.

ಡ್ರಾಪ್‌ಬಾಕ್ಸ್ ನಮ್ಮ ಕಂಪ್ಯೂಟರಿನ ಹಾಗೇ ಯೋಚಿಸುತ್ತದೆ. ಫೋಲ್ಡರು, ಅದರೊಳಗೆ ಫೋಲ್ಡರು, ಕೊನೆಗೆ ಹೆಸರು. ಈ ಇಡೀ ವಿಳಾಸ, ಅಂದರೆ ಪಾತ್, ಕೊಟ್ಟರೆ ಕೆಲಸ ಆಯಿತು. ಅದೇ ಪಾತ್‌ಗೆ ಅದೇ ಫೈಲನ್ನು ಮತ್ತೆ ಹಾಕಿದರೆ, ಒಳಗಿರೋದೂ ಅದೇ ಆಗಿದ್ದರೆ, ತಕರಾರಿಲ್ಲದೆ ಸುಮ್ನೆ ಒಪ್ಪಿಕೊಳ್ಳುತ್ತದೆ. ಒಳಗಿರೋದು ಬೇರೆಯಾಗಿದ್ದರೆ ಮಾತ್ರ ತಡೆಯುತ್ತದೆ. ಮೂರರಲ್ಲಿ ನನಗೆ ಬರೆಯೋಕೆ ಖುಷಿ ಕೊಟ್ಟದ್ದು ಇದೇ.

ಎಸ್3ರಲ್ಲಿ ಫೋಲ್ಡರೇ ಇಲ್ಲ. ಬಕೆಟ್ ಇದೆ, ಅದರೊಳಗೆ ಕೀ ಇದೆ. ಕೀ ಒಂದು ಉದ್ದ ಹೆಸರು. ನಡುವೆ ಓರೆಗೆರೆ ಹಾಕಿದರೆ ನೋಡೋರಿಗೆ ಫೋಲ್ಡರಿನ ಹಾಗೆ ಕಾಣುತ್ತದೆ. ಅದೇ ಕೀಗೆ ಮತ್ತೆ ಹಾಕಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಕೇಳೋದಿಲ್ಲ, ಹೇಳೋದಿಲ್ಲ. ವರ್ಷನಿಂಗ್ ಆನ್ ಮಾಡಿಟ್ಟಿದ್ದರೆ ಹಳೆಯದು ಉಳಿಯುತ್ತದೆ, ಇಲ್ಲದಿದ್ದರೆ ಹೋಯಿತು. 'ಇಲ್ಲದಿದ್ದರೆ ಮಾತ್ರ ಬರೆ' ಅನ್ನುವ ಷರತ್ತು ಹಾಕುವ ಸೌಲಭ್ಯ ಬಂದದ್ದು 2024ರಲ್ಲಿ. ಎಸ್3 ಶುರುವಾದದ್ದು 2006ರಲ್ಲಿ!

ಇನ್ನು ಕನ್ನಡದ ಹೆಸರು. ಇಂಗ್ಲಿಷ್ ಹೆಸರಲ್ಲೇ ಹಾಕಿ ನೋಡೋರಿಗೆ ಈ ತಾಪತ್ರಯ ಗೊತ್ತಾಗೋದೇ ಇಲ್ಲ.

ಡ್ರಾಪ್‌ಬಾಕ್ಸ್‌ನಲ್ಲಿ ಅಪ್‌ಲೋಡ್ ಮಾಡುವಾಗ ಪಾತ್ ಹೋಗೋದು ಎಚ್‌ಟಿಟಿಪಿ ಹೆಡರಿನಲ್ಲಿ (ಫೈಲಿನ ಜೊತೆ ಹೋಗುವ ವಿವರದ ಸಾಲು). ಹೆಡರಿನಲ್ಲಿ ಕನ್ನಡ ಅಕ್ಷರ ನೇರವಾಗಿ ಇಡುವಂತಿಲ್ಲ. ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ) ಸಂಖ್ಯೆಯಾಗಿ ಬಿಡಿಸಿ ಬರೆಯಬೇಕು. ಅವರದೇ ಪೈಥಾನ್ ಲೈಬ್ರರಿ ಬಳಸಿದರೆ ಅದೇ ನೋಡಿಕೊಳ್ಳುತ್ತದೆ. ನಾನು ಜಂಬದಿಂದ ಕೈಯಲ್ಲೇ ರಿಕ್ವೆಸ್ಟ್ ಕಟ್ಟಲು ಹೋಗಿ, ದಸ್ತಾವೇಜು ಓದದೆ, ಅರ್ಧ ಸಂಜೆ ಕಳೆದೆ.

ಎಸ್3ರಲ್ಲಿ ಕೀ ಉದ್ದ ಹೆಚ್ಚೆಂದರೆ 1024 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. 'ಕೋಟ' ಅಂದರೆ ಕ, ಓತ್ವ, ಟ. ಒಟ್ಟು ಒಂಬತ್ತು ಬೈಟ್. ಆದರೆ ಅದೇ ಓತ್ವವನ್ನು ಯೂನಿಕೋಡ್‌ನಲ್ಲಿ ಮೂರು ತುಂಡಾಗಿಯೂ ಬರೆಯಬಹುದು: ಎತ್ವ, ಊತ್ವ, ದೀರ್ಘ. ಆಗ 'ಕೋಟ' ಹದಿನೈದು ಬೈಟ್. ಪರದೆ ಮೇಲೆ ಎರಡೂ ಒಂದೇ ಥರ. ಎಸ್3 ನೋಡೋದು ಬೈಟು, ಅಕ್ಷರ ಅಲ್ಲ. ಹಾಗಾಗಿ ಅದಕ್ಕೆ ಇವು ಎರಡು ಬೇರೆ ಬೇರೆ ವಸ್ತು. ನನ್ನ ಫೈಲುಗಳಲ್ಲಿ ಕೆಲವಕ್ಕೆ ಹೆಸರು ಕೊಟ್ಟದ್ದು ಹಳೇ ಲ್ಯಾಪ್‌ಟಾಪಿನಲ್ಲಿ, ಕೆಲವಕ್ಕೆ ಹೊಸದರಲ್ಲಿ. ಪಟ್ಟಿಯಲ್ಲಿ 'ಕೋಟ-1988' ಎರಡು ಕಂಡಾಗ ಕಣ್ಣುಜ್ಜಿಕೊಂಡೆ. ಕಳಿಸುವ ಮೊದಲು ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿದ ಒಂದೇ ರೂಪಕ್ಕೆ, ತರುವ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಎಲ್ಲಿಗೆ ಕಳಿಸಿದರೂ ಈ ಸಾಲು ಇರಲಿ.

ದೊಡ್ಡ ಫೈಲು ಹಾಕುವಾಗ ಮಧ್ಯೆ ಕರೆಂಟ್ ಹೋದರೆ? ನಮ್ಮಲ್ಲಿ ಹೋಗೇ ಹೋಗುತ್ತದೆ. ಮೂರೂ ತುಂಡು ತುಂಡಾಗಿ ತೆಗೆದುಕೊಳ್ಳುತ್ತವೆ. ಡ್ರೈವ್‌ನಲ್ಲಿ ತುಂಡಿನ ಅಳತೆ 256 ಕೆಬಿಯ ಗುಣಕ ಆಗಿರಬೇಕು. ಡ್ರಾಪ್‌ಬಾಕ್ಸ್‌ನಲ್ಲಿ ಒಂದೇ ಏಟಿಗೆ ಹಾಕುವ ಮಿತಿ 150 ಎಂಬಿ, ಅದರಾಚೆಗೆ ಅಪ್‌ಲೋಡ್ ಸೆಷನ್, ಅಂದರೆ ಕಂತಿನಲ್ಲಿ ಕಳಿಸೋದು. ಎಲ್ಲಿಗೆ ನಿಂತಿತ್ತು ಅಂತ ನಾವು ತಪ್ಪು ಲೆಕ್ಕ ಹೇಳಿದರೆ, ಸರಿಯಾದ ಲೆಕ್ಕ ಎಷ್ಟು ಅಂತ ಎರರ್‌ನಲ್ಲೇ ತಿಳಿಸುತ್ತದೆ. ಮೇಷ್ಟ್ರು ಇದ್ದ ಹಾಗೆ. ಎಸ್3ರಲ್ಲಿ ತುಂಡು ಕನಿಷ್ಠ 5 ಎಂಬಿ, ಕೊನೆಯದಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಒಂದು ಎಚ್ಚರ ಬೇಕು. ಅರ್ಧಕ್ಕೆ ಬಿಟ್ಟ ತುಂಡುಗಳು ಫೈಲುಗಳ ಪಟ್ಟಿಯಲ್ಲಿ ಕಾಣೋದಿಲ್ಲ, ಆದರೆ ಬಾಡಿಗೆ ಎಣಿಸುತ್ತಿರುತ್ತವೆ. ಇಷ್ಟು ದಿನಕ್ಕೆ ಅಳಿಸು ಅಂತ ಲೈಫ್‌ಸೈಕಲ್ ನಿಯಮ ಮೊದಲೇ ಹಾಕಿಡಿ.

ಇನ್ನು ಸ್ಕ್ರಿಪ್ಟಿಗೆ ಒಳಗೆ ಹೋಗಲು ಬೇಕಾದ ಪಾಸಿನ, ಅಂದರೆ ಟೋಕನ್ನಿನ ವಿಷಯ. ಡ್ರಾಪ್‌ಬಾಕ್ಸ್ ಟೋಕನ್‌ಗೆ ಸುಮಾರು ನಾಲ್ಕು ಗಂಟೆ ಆಯಸ್ಸು, ರಿಫ್ರೆಶ್ ಟೋಕನ್ ಇಟ್ಟುಕೊಂಡರೆ ತಾನಾಗಿಯೇ ಹೊಸದು ಬರುತ್ತದೆ. ಡ್ರೈವ್‌ನಲ್ಲಿ ನಿಮ್ಮ ಆ್ಯಪ್ ಇನ್ನೂ 'ಟೆಸ್ಟಿಂಗ್' ಸ್ಥಿತಿಯಲ್ಲಿದ್ದರೆ ಆ ರಿಫ್ರೆಶ್ ಟೋಕನ್ನೇ ಏಳು ದಿನಕ್ಕೆ ಸಾಯುತ್ತದೆ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್ ಬರೆಯೋರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು. ಎಸ್3ರದ್ದು ಕೀಲಿ ಜೋಡಿ, ನಾವು ಬದಲಿಸುವವರೆಗೂ ನಡೆಯುತ್ತದೆ. ಅಷ್ಟೇ ಜೋಪಾನವೂ ಬೇಕು. ಕೋಡ್ ಜೊತೆ ಗಿಟ್‌ಗೆ (ಕೋಡಿನ ಇತಿಹಾಸ ಇಡುವ ಕಡೆ) ಹೋಗಿಬಿಟ್ಟರೆ ಕಥೆ ಮುಗಿಯಿತು.

ಮೈಕ್ರೋಸಾಫ್ಟಿನ ಒನ್‌ಡ್ರೈವನ್ನು ಒಂದು ಗಂಟೆ ಮಾತ್ರ ಮುಟ್ಟಿದ್ದು. ಅಲ್ಲಿ ಐಡಿಯಿಂದಲೂ ಕರೆಯಬಹುದು, ಪಾತ್‌ನಿಂದಲೂ ಕರೆಯಬಹುದು. ಒಳ್ಳೆಯದೇ. ಆದರೆ ನನ್ನ ಮನೆಯಲ್ಲಿ ಅದನ್ನು ಬಳಸೋರು ಯಾರೂ ಇಲ್ಲ.

ಕೊನೆಗೆ ಮೂಲ ವೇವ್ ಫೈಲುಗಳನ್ನು ಎಸ್3ರಲ್ಲಿ ಇಟ್ಟೆ, ವರ್ಷನಿಂಗ್ ಆನ್ ಮಾಡಿ. ತಿಂಗಳಿಗೆ 100 ಜಿಬಿವರೆಗೆ ಹೊರಗೆ ಇಳಿಸಿಕೊಳ್ಳಲು ಕಾಸಿಲ್ಲ. ಅದರ ಮೇಲೆ ಇಳಿಸಿದರೆ ಇಟ್ಟ ಬಾಡಿಗೆಗಿಂತ ಜಾಸ್ತಿ ಕಟ್ಟಬೇಕು. ನಾನಂತೂ ದಿನಾ ಇಳಿಸೋದಿಲ್ಲ. ಕೇಳೋಕೆ ಎಂಪಿ3 ಮಾಡಿ ಡ್ರೈವ್‌ಗೆ ಹಾಕಿದೆ. ಎಂಬತ್ತೂ ಸೇರಿ 7 ಜಿಬಿ, ಪುಕ್ಕಟೆ ಜಾಗದಲ್ಲೇ ಹಿಡಿಸಿತು. ಇಷ್ಟಪಟ್ಟ ಡ್ರಾಪ್‌ಬಾಕ್ಸ್ ಈ ಕೆಲಸಕ್ಕೆ ಬೇಕಾಗಲಿಲ್ಲ, ಅದೇ ಸ್ವಲ್ಪ ಬೇಸರ.

ಮಾವ ಕೇಳಿದ್ದು ಒಂದೇ: "ಒತ್ತಿದ್ರೆ ಕೇಳ್ಬೇಕು ಮಾರಾಯ, ಅಷ್ಟೇ." ಡ್ರೈವ್ ಫೋಲ್ಡರಿನ ಲಿಂಕ್ ಕಳಿಸಿ, ತಿದ್ದುವ ಅನುಮತಿಯನ್ನೂ ಕೊಟ್ಟೆ. ಎರಡನೇ ದಿನವೇ 'ಕೋಟ-1988'ರ ಹೆಸರು 'ಕೋಟ-1989' ಆಗಿತ್ತು. ನಾಲ್ಕನೇ ದಿನ 'ಸಾಲಿಗ್ರಾಮ-1989'. ಐಡಿ ಅದೇ ಇರೋದರಿಂದ, ನೆಂಟರಿಗೆ ಹಂಚಿದ ಲಿಂಕ್ ಯಾವುದೂ ಮುರಿಯಲಿಲ್ಲ. ಎಸ್3ರಲ್ಲಿ ಹೆಸರು ಬದಲಿಸೋದು ಅಂದರೆ ಹೊಸ ಹೆಸರಿಗೆ ನಕಲು ಮಾಡಿ ಹಳೆಯದನ್ನು ಅಳಿಸೋದು. ಮಾವ ಒಂದು ಊರಿಗೆ ನಿಲ್ಲಲಿ ಅಂತ ಕಾಯುತ್ತಿದ್ದೇನೆ. ಅಲ್ಲಿ ಅದು ಇನ್ನೂ ಕೋಟ-1988.