ಆಫೀಸಿನಲ್ಲಿ ಡೈವರ್ಸಿಟಿ ಟ್ರೈನಿಂಗ್: ಎರಡು ವರ್ಷ ಆದ ಮೇಲೆ

ಮಂಗಳೂರಿನ ಒಂದು ಅಕೌಂಟ್ಸ್ ಬ್ಯಾಕ್ ಆಫೀಸಿನಲ್ಲಿ 14 ಜನರ ಟೀಮ್ ನೋಡಿಕೊಳ್ಳುತ್ತೇನೆ. ತುಳು, ಕೊಂಕಣಿ, ಬ್ಯಾರಿ ಮಾತಾಡುವವರಿದ್ದಾರೆ. ಕಾಸರಗೋಡಿನಿಂದ ದಿನಾ ರೈಲಿನಲ್ಲಿ ಬರುವವರು ಇಬ್ಬರು, ರಾಯಚೂರು, ವಿಜಯಪುರ ಕಡೆಯವರು ಮೂವರು. ಎರಡು ವರ್ಷದ ಹಿಂದೆ ಕಂಪನಿಯವರು ಹೊರಗಿನ ಒಂದು ಸಂಸ್ಥೆಯಿಂದ ಡೈವರ್ಸಿಟಿ ಟ್ರೈನಿಂಗ್, ಅಂದರೆ ಬೇರೆ ಬೇರೆ ಹಿನ್ನೆಲೆಯವರು ಭೇದವಿಲ್ಲದೆ ಒಟ್ಟಿಗೆ ಕೆಲಸ ಮಾಡುವುದರ ತರಬೇತಿ, ಮಾಡಿಸಿದರು. ಮೊದಲು ಇಡೀ ಒಂದು ದಿನ, ಆಮೇಲೆ ತಿಂಗಳಿಗೆ ಒಂದು ಗಂಟೆ. ಮೊದಲ ದಿನಕ್ಕೆ 2 ಸ್ಟಾರ್, ತಿಂಗಳ ಗಂಟೆಗೆ 5 ಸ್ಟಾರ್.

ಮೊದಲ ದಿನ ಎಲ್ಲರೂ ಬರಲೇಬೇಕು ಅಂತ ಮೇಲ್ ಬಂದಿತ್ತು. ಅರ್ಧ ಜನ ಕೈಕಟ್ಟಿ ಕೂತಿದ್ದರು. ಉದಾಹರಣೆಗಳೆಲ್ಲ ಅಮೆರಿಕದ್ದು. ನಮ್ಮ ಭಾಷೆಗಳ ವಿಷಯ ಇಲ್ಲ, ಜಾತಿ ಅನ್ನುವ ಪದ ಒಂದು ಸಲವೂ ಬರಲಿಲ್ಲ. ಆಮೇಲೆ ಹುಡುಕಿ ಓದಿದೆ. ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಾಲೆವ್ ಅನ್ನುವ ಸಮಾಜಶಾಸ್ತ್ರಜ್ಞರು 800ಕ್ಕೂ ಜಾಸ್ತಿ ಅಮೆರಿಕನ್ ಕಂಪನಿಗಳ ಲೆಕ್ಕ ನೋಡಿ 2016ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದಿದ್ದಾರೆ: ಮ್ಯಾನೇಜರ್‌ಗಳಿಗೆ ಕಡ್ಡಾಯ ತರಬೇತಿ ಕೊಟ್ಟು ಐದು ವರ್ಷ ಆದ ಮೇಲೆ ಅಲ್ಲಿ ಕಪ್ಪು ಮಹಿಳಾ ಮ್ಯಾನೇಜರ್‌ಗಳ ಪಾಲು ಸರಾಸರಿ 9% ಕಡಿಮೆಯೇ ಆಗಿತ್ತು. ಒತ್ತಾಯ ಮಾಡಿದರೆ ಜನ ತಿರುಗಿ ಬೀಳುತ್ತಾರೆ. ನಮ್ಮಲ್ಲೂ ಆ ದಿನ ಅದೇ ಮುಖಗಳು.

ತಿಂಗಳ ಗಂಟೆಗೆ ಬರುವುದು ಬಿಡುವುದು ಅವರವರ ಇಷ್ಟಕ್ಕೆ ಬಿಟ್ಟರು. ಎರಡನೇ ತಿಂಗಳು ಟ್ರೈನರ್ ಮೇಡಂ ಒಂದು ಕೆಲಸ ಕೊಟ್ಟರು. ಒಂದು ವಾರ, ಕೆಲಸದ ಯಾವ ತೀರ್ಮಾನ ಎಲ್ಲಿ ಆಯಿತು, ಯಾರು ಇದ್ದರು, ಯಾವ ಭಾಷೆಯಲ್ಲಿ ಆಯಿತು ಅಂತ ಬರೆದಿಡಬೇಕು, ಅಷ್ಟೇ. ಬರೆದು ನೋಡಿದರೆ ಅರ್ಧಕ್ಕರ್ಧ ತೀರ್ಮಾನ ಮೀಟಿಂಗಿನಲ್ಲಿ ಆಗಿಯೇ ಇಲ್ಲ. ಚಾ ಕುಡಿಯುವಾಗ ಆಗಿವೆ, ತುಳುವಿನಲ್ಲಿ. ಶುಕ್ರವಾರ ಕೊಡಬೇಕಿದ್ದ ಒಂದು ಫೈಲನ್ನು ಬುಧವಾರವೇ ಕೊಡಬೇಕು ಅಂತ ಆದದ್ದು ರಾಯಚೂರಿನ ಹುಡುಗಿಗೆ ಗೊತ್ತಾದದ್ದು ಮಂಗಳವಾರ ಸಂಜೆ. ಆ ರಾತ್ರಿ ಅವಳು ಒಬ್ಬಳೇ ಕೂತು ಮುಗಿಸಿದಳು. ಅದಕ್ಕಿಂತ ಮೊದಲು ಅವಳ ವರ್ಷದ ರಿವ್ಯೂನಲ್ಲಿ 'ಕೆಲಸ ನಿಧಾನ' ಅಂತ ಬರೆದವಳು ನಾನು. ನಾನೂ ತುಳುವಿನವಳೇ, ಆ ಚಾ ಗುಂಪಿನಲ್ಲಿ ದಿನಾ ನಿಲ್ಲುವವಳು. ಅವಳ ಹತ್ತಿರ ಕ್ಷಮೆ ಕೇಳಿದೆ, ಎಚ್‌ಆರ್‌ಗೆ ಹೇಳಿ ಆ ಸಾಲು ತೆಗೆಸಿದೆ.

ಚಾ ಹೊತ್ತಿನ ಮಾತು ಯಾವ ಭಾಷೆಯಲ್ಲಾದರೂ ಇರಲಿ, ಕೆಲಸದ ತೀರ್ಮಾನ ಆದರೆ ಕೂಡಲೇ ಗ್ರೂಪಿನಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹಾಕಬೇಕು ಅಂತ ಮಾಡಿದೆವು. ಆದರೂ ಇಬ್ಬರಿಗೆ ತುಂಬ ಬೇಜಾರಾಯಿತು. "ನಮ್ಮ ಊರಲ್ಲೇ ತುಳು ಮಾತಾಡಬಾರದಾ?" ಅಂತ ಕೇಳಿದರು. ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದೆ, ತುಳುವಿಗೆ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ, ಆ ನೋವು ನನಗೂ ಉಂಟು. ಟ್ರೈನರ್ ಮೇಡಂ ಆ ಇಬ್ಬರ ಮಾತನ್ನು ಪೂರ್ತಿ ಕೇಳಿದರು, ವಾದಕ್ಕೆ ಇಳಿಯಲಿಲ್ಲ. ಈಗ ವಿಜಯಪುರದ ಹುಡುಗ ಅದೇ ಇಬ್ಬರ ಹತ್ತಿರ ತುಳು ಕಲಿಯುತ್ತಿದ್ದಾನೆ.

ಉಳಿದವು ಸುಲಭವಾಗಿ ಆದವು. ಶುಕ್ರವಾರ ಮಧ್ಯಾಹ್ನ 1 ಗಂಟೆಯ ಮೀಟಿಂಗ್ 11ಕ್ಕೆ ಬಂತು, ನಮಾಜಿಗೆ ಹೋಗುವವರು ಈಗ ಅರ್ಧದಲ್ಲಿ ಎದ್ದು ಹೋಗಬೇಕಾಗಿಲ್ಲ. ಸಂಜೆ 6ರ ಮೀಟಿಂಗ್ ನಿಂತೇ ಹೋಯಿತು, ರೈಲು ಹಿಡಿಯುವವರಿಗೂ ಉಡುಪಿ ಬಸ್ಸಿನವರಿಗೂ ಅದು ದೊಡ್ಡ ತಲೆನೋವಾಗಿತ್ತು. ಇಲ್ಲಿನ ಕ್ರೈಸ್ತರ ಮೊಂತಿ ಫೆಸ್ಟ್ ಇರುವ ಸೆಪ್ಟೆಂಬರ್ 8ಕ್ಕೆ ಯಾವ ಡೆಡ್‌ಲೈನೂ ಇಡುವುದಿಲ್ಲ, ಊರಿನ ದೈವದ ನೇಮಕ್ಕೆ ಹೋಗುವವರು ಮೊದಲೇ ಕ್ಯಾಲೆಂಡರಿನಲ್ಲಿ ಹಾಕುತ್ತಾರೆ.

ಮೊದಲು ತಿಂಗಳಿಗೆ ಹತ್ತು ಹನ್ನೆರಡು ಫೈಲ್ ತಪ್ಪಾಗಿ ವಾಪಸ್ ಬರುತ್ತಿದ್ದವು, ಈಗ ಮೂರೋ ನಾಲ್ಕೋ. ಎಲ್ಲ ಟ್ರೈನಿಂಗಿನಿಂದಲೇ ಅಂತ ಹೇಳಲಾರೆ, ನಡುವೆ ಸಾಫ್ಟ್‌ವೇರೂ ಬದಲಾಯಿತು. ಆದರೆ 'ನನಗೆ ಗೊತ್ತೇ ಇರಲಿಲ್ಲ' ಅನ್ನುವ ಮಾತು ಈಗ ತೀರಾ ಕಡಿಮೆ. ಘಟ್ಟದ ಮೇಲಿನಿಂದ ಬಂದವರು ಮೊದಲು ವರ್ಷದೊಳಗೆ ಬಿಟ್ಟು ಹೋಗುತ್ತಿದ್ದರು, ಈ ಎರಡು ವರ್ಷದಲ್ಲಿ ಯಾರೂ ಹೋಗಿಲ್ಲ.

ಜಾತಿ ವಿಷಯಕ್ಕೆ ಮಾತ್ರ ಇನ್ನೂ ಯಾರೂ ಕೈ ಹಾಕಿಲ್ಲ. ಹೊಸಬರು ಬಂದರೆ ಮನೆ ಎಲ್ಲಿ, ಮನೆ ಹೆಸರೇನು, ಅಪ್ಪನ ಹೆಸರೇನು ಅಂತ ಸುತ್ತಿ ಬಳಸಿ ಕೇಳುವುದು ನಡೆದೇ ಇದೆ. ಹಾಗೆ ಕೇಳಿದಾಗ ಮುಖ ಸಣ್ಣದು ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಮೂರನೇ ವರ್ಷಕ್ಕೆ ಹಣ ಕಟ್ಟುವ ಮೊದಲು ಆ ಬಗ್ಗೆ ಕನಿಷ್ಠ ಎರಡು ಸೆಷನ್ ಬೇಕು ಅಂತ ಬರೆದು ಕೊಟ್ಟಿದ್ದೇವೆ. ಒಪ್ಪಿಕೊಂಡಿದ್ದಾರೆ, ಮೊದಲನೆಯದು ಜೂನ್‌ನಲ್ಲಿ.